ವಿಕ್ರಾಂತದ ಗಿಡುಗಗಳು
(ನಮ್ಮ ನೌಕಾದಳದ ಮೊದಲ ಜೆಟ್ ಕಾಳಗ ವಿಮಾನ ‘ಸೀ ಹಾಕ್’ ಬಾಳಿದ ಕಥೆ)

ಜೋಗೇಶ್ವರಿಯಲ್ಲಿ ಸಂಸಾರ ಹೂಡಿರುವ ನಮಗೆ ವಿಮಾನದ ಸದ್ದು ಹೊಸದಲ್ಲ. ಸಾಂತಾಕ್ರೂಜ್ ನಿಲ್ದಾಣಕ್ಕೆ ಇಳಿಯುವ, ಅಲ್ಲಿಂದ ಏರುವ ವಿಮಾನಗಳು ಹಗಲಿರುಳೆನ್ನದೆ ಗುಡುಗುತ್ತಲೇ ಇರುತ್ತವೆ. ಆ ವಿಮಾನಗಳಿಗೆ ಓಡಿ ನಿಲ್ಲಲು ಮೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯುಂಟು. ಆ ಹಾದಿ ನೆಲಕ್ಕೆ ಅಂಟಿಕೊಂಡಿದೆ, ಅಲುಗುವುದಿಲ್ಲ. ಅದರ ಬದಲು, ಚರ್ಚ್‌ಗೇಟಿನಿಂದ ಬೋರಿವಿಲಿಗೆ ಓಡುವ ಹನ್ನೆರಡು ಡಬ್ಬಿಯ ಲೋಕಲ್ ಗಾಡಿಗಿಂತಲೂ ಗಿಡ್ಡವಾದ ಒಂದು ಉಕ್ಕಿನ ಅಟ್ಟ. ಆ ಅಟ್ಟವೋ ಅಲೆಗಳ ಮೇಲೆ ತೊಯ್ದಾಡುತ್ತ ಮುಂದಕ್ಕೆ ಸಾಗುತ್ತಲೇ ಇದೆ. ಅದರ ಮೇಲೆ ಗಂಟೆಗೆ ಸುಮಾರು ಇನ್ನೂರು ಕಿಲೋಮೀಟರ್ ವೇಗದಲ್ಲಿ ಬಂದ ಜೆಟ್ ವಿಮಾನವನ್ನು ಇಳಿಸಬೇಕು ಎಂದರೆ ಏನಾದೀತು? ಈ ಸಾಹಸವನ್ನು ನಮ್ಮ ನೌಕಾದಳದ ತರುಣರು ೧೯೬೧ರಿಂದ ೧೯೭೮ರ ವರೆಗೆ ದಿನದ ಕೆಲಸದಂತೆ ಮಾಡಿಕೊಂಡು ಬಂದರು. ಅವರ ಹಡಗು ‘ವಿಕ್ರಾಂತ’. ಅವರ ವಿಮಾನ ‘ಸೀ ಹಾಕ್’, ಎಂದರೆ ಕಡಲ ಗಿಡುಗ.

ಈ ಹಡಗೂ ಈ ವಿಮಾನವೂ ನಮಗೆ ಬಂದಾಗ ಹೊಚ್ಚ ಹೊಸವಾಗಿರಲಿಲ್ಲ. ಬೇರೆಯವರಿಗೆ ಬೇಡವಾದ ಸಾಮಾನು ಎಂದು ಮೂಗು ಮುರಿದವರಿಗೂ ಕೊರತೆಯಿರಲಿಲ್ಲ. ಹತ್ತು ವರ್ಷಗಳ ತರುವಾಯ ಅದೇ ಸಾಮಾನು ದೇಶದ ಮಾನ ಕಾಯಿತು. ಅದು ಹೇಗಾಯಿತೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಹುಟ್ಟಿದ್ದು ಇಂಗ್ಲೆಂಡಿನಲ್ಲಿ

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ‘ಹರಿಕೇನ್’ ವಿಮಾನವನ್ನು ರಚಿಸಿದ ಸಿಡ್ನಿ ಕ್ಯಾಮ್ ಎಂಬ ಶಿಲ್ಪಿಯೇ ಸೀ ಹಾಕಿನ ಮೂಲಪುರುಷ. ಹಾಕರ್ ಕಂಪೆನಿಯ ಕಾರ್ಖಾನೆಯಲ್ಲಿ ಹುಟ್ಟಿದ ಇದರ ಮೊದಲ ಮಾದರಿ ೧೯೪೭ರ ಸೆಪ್ಟೆಂಬರಿನಲ್ಲಿ ಹಾರಿತು. ಹಡಗಿಗೆ ತಕ್ಕಂತೆ ತಿದ್ದಿದ ಮಾದರಿ ಮರುವರ್ಷ ಹಾರಿತು. ಬ್ರಿಟಿಷ್ ನೌಕಾದಳಕ್ಕೆ ಇದು ಸೇರಿದ್ದು ೧೯೫೩ರಲ್ಲಿ. ೧೯೫೬ರ ಸೂಯೆಜ್ ಕಾಳಗದಲ್ಲಿ ಬ್ರಿಟಿಷರು ಇದನ್ನು ಬಳಸಿದರು.

ಇದರ ಮೈಕಟ್ಟಿನಲ್ಲಿ ಒಂದು ಜಾಣತನವುಂಟು. ಸಾಮಾನ್ಯವಾಗಿ ಜೆಟ್ ವಿಮಾನದ ಬಿಸಿಗಾಳಿ ಬಾಲದ ತುದಿಯಿಂದ ಹೊರಬೀಳುತ್ತದೆ. ಸೀ ಹಾಕಿನಲ್ಲಿ ಆ ಕೊಳವೆಯನ್ನು ಕವಲೊಡೆಸಿ, ಎರಡು ರೆಕ್ಕೆಗಳ ಬುಡದ ಹಿಂಬದಿಯಲ್ಲಿ ಎರಡು ಬಾಯಿ ಮಾಡಿದ್ದರು. ಹೀಗಾಗಿ ಬಾಲದ ಭಾಗವೆಲ್ಲ ಬಿಡುವಾಗಿ, ಅಲ್ಲಿ ಹೆಚ್ಚು ಎಣ್ಣೆ ತುಂಬಲು ಜಾಗ ದೊರೆಯಿತು. ನಡುಗಡಲಿನಲ್ಲಿ ಹಾರುವವನಿಗೆ ಒಂದು ಕೊಡ ಎಣ್ಣೆ ಹೆಚ್ಚಿದ್ದರೆ ಒಂದು ಜೀವ ಹೆಚ್ಚಿದ್ದ ಹಾಗೆ. ಒಬ್ಬನೇ ಕೂರುವ ವಿಮಾನ. ಒಂದೇ ಎಂಜಿನು, ರೋಲ್ಸ್ ರಾಯ್ಸ್ ಕಂಪೆನಿಯ ‘ನೀನ್’. ಮೂಗಿನ ಅಡಿಯಲ್ಲಿ ೨೦ ಮಿಲಿಮೀಟರ್ ವ್ಯಾಸದ ನಾಲ್ಕು ಫಿರಂಗಿಗಳು; ರೆಕ್ಕೆಗಳ ಕೆಳಗೆ ಬಾಂಬು, ರಾಕೆಟ್ಟು. ಚಾಚಿದಾಗ ೩೯ ಅಡಿ ಅಗಲವಿದ್ದ ರೆಕ್ಕೆಗಳು ಹಡಗಿನ ಹೊಟ್ಟೆಯಲ್ಲಿ ನಿಲ್ಲಿಸುವಾಗ ಮೇಲಕ್ಕೆ ಮಡಿಚಿಕೊಳ್ಳುತ್ತಿದ್ದವು. ವೇಗ ಗಂಟೆಗೆ ಆರುನೂರು ಮೈಲಿಯ ಆಸುಪಾಸು; ಶಬ್ದದ ವೇಗವನ್ನು ಮೀರಲಾರದು. ರೇಡಾರ್ ಇರಲಿಲ್ಲ, ಕಣ್ಣಿಗೆ ಕಂಡದ್ದನ್ನೇ ಹೊಡೆಯಬೇಕು.

ಜೆಟ್ ವಿಮಾನಗಳ ಲೋಕ ಆ ಕಾಲದಲ್ಲಿ ಮೈಲಿಗಟ್ಟಲೆ ಮುಂದಕ್ಕೆ ಓಡುತ್ತಿತ್ತು. ೧೯೬೦ರ ಕೊನೆಯ ಹೊತ್ತಿಗೆ ಬ್ರಿಟಿಷರು ತಮ್ಮ ಮುಂಚೂಣಿಯ ಪಡೆಗಳಿಂದ ಸೀ ಹಾಕನ್ನು ಬಿಡಿಸಿಬಿಟ್ಟರು. ಅವರಲ್ಲಿ ಅದರ ಬಾಳು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅದರ ಬಾಳು ಮೊದಲಾಯಿತು.

ಅರ್ಧಕ್ಕೆ ನಿಂತ ಹಡಗು

ವಿಕ್ರಾಂತದ ಮೊದಲ ಹೆಸರು ‘ಹರ್ಕ್ಯುಲಿಸ್’. ಮಹಾಯುದ್ಧದ ನಡುವೆ, ೧೯೪೩ರಲ್ಲಿ, ಇಂಗ್ಲೆಂಡಿನಲ್ಲಿ ಕಟ್ಟಲು ತೊಡಗಿದರು. ೧೯೪೫ರ ಸೆಪ್ಟೆಂಬರಿನಲ್ಲಿ ನೀರಿಗಿಳಿಸಿದರು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಹಡಗು ಬೇಡವಾಯಿತು, ಕೆಲಸ ಅರ್ಧಕ್ಕೆ ನಿಂತಿತು. ಹತ್ತು ವರ್ಷಗಳ ಮೇಲೆ, ೧೯೫೭ರಲ್ಲಿ, ಭಾರತ ಸರಕಾರ ಅದನ್ನು ಕೊಂಡು ಬೆಲ್‌ಫಾಸ್ಟಿನಲ್ಲಿ ಕೆಲಸ ಮುಗಿಸಿಕೊಂಡಿತು. ಹಳೆಯ ಮೈಗೆ ಹೊಸ ವಿದ್ಯೆಗಳನ್ನೆಲ್ಲ ಕೂಡಿಸಿದರು: ಓರೆಯಾಗಿ ಚಾಚಿದ ಅಟ್ಟ, ಹಬೆಯ ಬಲದಿಂದ ವಿಮಾನವನ್ನು ಎಸೆಯುವ ಕವಣೆ, ಇಳಿಯುವವನಿಗೆ ದಾರಿ ತೋರುವ ಕನ್ನಡಿ. ೧೯೬೧ರ ಮಾರ್ಚ್ ೪ರಂದು ಶ್ರೀಮತಿ ವಿಜಯಲಕ್ಷ್ಮಿ ಪಂಡಿತರ ಸಮ್ಮುಖದಲ್ಲಿ ‘ವಿಕ್ರಾಂತ’ವಾಗಿ ಅದು ನಮ್ಮ ನೌಕಾದಳ ಸೇರಿತು. ಮೊದಲ ಕಪ್ತಾನರು ಪ್ರೀತಮ್ ಸಿಂಗ್ ಮಹೀಂದ್ರೂ.

ವಿಮಾನಗಳಿಗೆ ೧೯೫೯ರಲ್ಲಿ ಮಾತಾಯಿತು. ಕೆಲವು ಹೊಸವು, ಕೆಲವು ಬ್ರಿಟಿಷ್ ನೌಕಾದಳ ಬಳಸಿ ಬಿಟ್ಟವನ್ನು ಸರಿಪಡಿಸಿಕೊಟ್ಟವು. ೧೯೬೦ರ ಜುಲೈ ೭ರಂದು ಬ್ರಿಟನ್ನಿನ ನೆಲದಲ್ಲಿಯೇ ನಮ್ಮ ೩೦೦ನೆಯ ನೌಕಾ ವಿಮಾನ ದಳ ಹುಟ್ಟಿತು. ಅದರ ಲಾಂಛನ ಬಿಳಿಯ ಹುಲಿ. ೧೯೬೧ರ ಮೇ ೧೮ರಂದು ಲೆಫ್ಟಿನೆಂಟ್ ತಹಿಲಿಯಾನಿ ಎಂಬ ತರುಣ ಅಧಿಕಾರಿ ವಿಕ್ರಾಂತದ ಅಟ್ಟದ ಮೇಲೆ ಮೊದಲ ಜೆಟ್ ವಿಮಾನವನ್ನು ಇಳಿಸಿದರು. ಇವರೇ ಮುಂದೆ ೧೯೮೪ರಲ್ಲಿ ನೌಕಾದಳದ ಮುಖ್ಯಸ್ಥರಾದ ಅಡ್ಮಿರಲ್ ತಹಿಲಿಯಾನಿ.

ಅದೇ ವರ್ಷ ನವೆಂಬರ್ ೩ರಂದು ವಿಕ್ರಾಂತ ನಮ್ಮ ಮುಂಬಯಿಗೆ ಬಂತು. ಬಲ್ಲಾರ್ಡ್ ಪಿಯರಿನಲ್ಲಿ ಪ್ರಧಾನಿ ನೆಹರೂ ಅವರೇ ಅದನ್ನು ಎದುರುಗೊಂಡರು. ವಿಮಾನಗಳಿಗೆ ನೆಲದ ಮನೆ ಮೊದಲು ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಾಯಿತು. ಗೋವೆ ಬಿಡುಗಡೆಯಾದ ಮೇಲೆ, ೧೯೬೪ರಲ್ಲಿ, ದಾಬೋಲಿಮ್ಮಿಗೆ ವಾಸ ಬದಲಾಯಿತು. ಕಾರವಾರದಿಂದ ನೂರು ಕಿಲೋಮೀಟರಿನೊಳಗಿನ ಊರು ಅದು.

ಇಳಿಯುವ ವಿದ್ಯೆ

ಹಡಗಿನಿಂದ ಹಾರುವುದು ಹೇಗೆ? ವಿಕ್ರಾಂತದ ಉದ್ದ ಸುಮಾರು ೭೦೦ ಅಡಿ. ಅದರಲ್ಲಿಯೂ ಓಡಲು ದೊರೆಯುವುದು ಸ್ವಲ್ಪವೇ. ಆದ್ದರಿಂದ ವಿಮಾನ ತಾನಾಗಿ ಓಡುವುದಿಲ್ಲ; ಅದನ್ನು ಎಸೆಯಬೇಕು. ಅಟ್ಟದ ಅಡಿಯಲ್ಲಿ ಹಬೆ ತುಂಬಿದ ಕೊಳವೆ; ಅದರೊಳಗೊಂದು ಕೊರಡು; ಕೊರಡಿಗೆ ವಿಮಾನವನ್ನು ಕಟ್ಟಿರುತ್ತಾರೆ. ಹಬೆಯನ್ನು ಬಿಟ್ಟ ಕೂಡಲೆ ಕಣ್ಣೆವೆ ಬಡಿಯುವಷ್ಟರಲ್ಲಿ ವಿಮಾನ ಹಾರುವ ವೇಗ ಪಡೆದು ಕಡಲ ಮೇಲಿರುತ್ತದೆ. ಇದಕ್ಕೆ ಗಾಳಿಯ ನೆರವೂ ಬೇಕು. ಗಾಳಿಪಟ ಹಾರಿಸುವ ಹುಡುಗ ಗಾಳಿಗೆ ಎದುರಾಗಿ ಓಡುವನಷ್ಟೆ? ಹಾಗೆಯೇ ಹಡಗೂ ಗಾಳಿಗೆ ಎದುರಾಗಿ ತಿರುಗಿ ತನ್ನ ಪೂರ್ಣ ವೇಗದಿಂದ ಸಾಗುತ್ತದೆ. ಹಡಗಿನ ವೇಗ, ಗಾಳಿಯ ವೇಗ, ಕವಣೆಯ ಬಲ ಮೂರೂ ಕೂಡಿದರೆ ಮಾತ್ರ ಬಾಂಬು ಹೊತ್ತ ವಿಮಾನ ಮೇಲೇಳುತ್ತದೆ. ಒಂದು ಕಡಮೆಯಾದರೆ ಭಾರ ಇಳಿಸಬೇಕು. ಇಲ್ಲವಾದರೆ ನೀರು ಪಾಲು. ಈ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಳಿಯುವುದು ಇದಕ್ಕಿಂತ ಕಠಿಣ. ಅಟ್ಟದ ಪಕ್ಕದಲ್ಲಿ ನಿಲ್ಲಿಸಿದ ಕನ್ನಡಿಯಲ್ಲಿ ಒಂದು ದೀಪದ ಪ್ರತಿಬಿಂಬ ಹೊಳೆಯುತ್ತದೆ. ಅದರ ಎಡಬಲಕ್ಕೆ ಹಸಿರು ದೀಪಗಳ ಸಾಲು. ಪ್ರತಿಬಿಂಬ ಸಾಲಿಗೆ ಸಮನಾಗಿ ಕಂಡರೆ ದಾರಿ ಸರಿ. ಮೇಲೆ ಕಂಡರೆ ತಾನು ಎತ್ತರದಲ್ಲಿದ್ದೇನೆ. ಕೆಳಗೆ ಕಂಡರೆ ಹಡಗಿನ ಹಿಂಬದಿಗೆ ಬಡಿಯಲಿದ್ದೇನೆ. ಹೀಗೆ ಬಂದವನು ಬಾಲದ ಕೊಕ್ಕೆಯನ್ನು ಇಳಿಬಿಟ್ಟು, ಅಟ್ಟಕ್ಕೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಸಿಕ್ಕಿಸಬೇಕು. ಅಟ್ಟ ಮುಟ್ಟಿದ ಕ್ಷಣ ಅವನು ಎಂಜಿನನ್ನು ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ! ಕೊಕ್ಕೆ ಹಗ್ಗಕ್ಕೆ ಸಿಕ್ಕದಿದ್ದರೆ ಓರೆಯ ಅಟ್ಟದಿಂದ ಮತ್ತೆ ಮೇಲೇಳಬೇಕಲ್ಲ, ಅದಕ್ಕೆ.

ಈ ವಿದ್ಯೆಗೆ ತೆತ್ತ ಬೆಲೆ ಅಲ್ಪವಲ್ಲ. ಶಾಂತಿಕಾಲದಲ್ಲಿಯೇ ವಿಮಾನಗಳೂ ಹಾರಾಟಗಾರರೂ ಕಡಲು ಪಾಲಾದದ್ದುಂಟು.

ಅಪವಾದದ ವರ್ಷ

೧೯೬೫ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಬಂದಾಗ ವಿಕ್ರಾಂತ ಮುಂಬಯಿಯ ಡಾಕ್‌ಯಾರ್ಡಿನಲ್ಲಿ ದುರಸ್ತಿಗೆ ನಿಂತಿತ್ತು. ಅದನ್ನು ಮುಳುಗಿಸಿಬಿಟ್ಟೆವೆಂದು ಪಾಕಿಸ್ತಾನ ಸಾರಿಕೊಂಡಿತು! ಸೀ ಹಾಕುಗಳು ಜಾಮ್‌ನಗರದ ವರೆಗೆ ಹೋಗಿದ್ದರೂ ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸದೆ ಹಿಂದಿರುಗಬೇಕಾಯಿತು. ಇಷ್ಟು ಹಣ ಸುರಿದು ತಂದ ಹಡಗು ಯುದ್ಧದ ದಿನ ಕೆಲಸಕ್ಕೆ ಬರಲಿಲ್ಲವೆಂಬ ಮಾತು ನೌಕಾದಳದ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಯುದ್ಧದ ಮರುವರ್ಷದ ಸುಮಾರಿಗೆ ಪಶ್ಚಿಮ ಜರ್ಮನಿಯ ನೌಕಾದಳ ಬಿಟ್ಟ ೨೮ ಸೀ ಹಾಕುಗಳು ನಮ್ಮ ಕೈಸೇರಿದವು. ಅದರ ಹಿಂದೆಯೂ ಒಂದು ಕಥೆಯುಂಟು. ಕಾಗದಪತ್ರಗಳಲ್ಲಿ ಅವು ಮಾರಾಟವಾದದ್ದು ಇಟಲಿಗೆ. ಮಧ್ಯವರ್ತಿಗಳ ಕೈಯಿಂದ ದಾಟಿ ಇಳಿದದ್ದು ಭಾರತದಲ್ಲಿ. ಅದೇ ಕಾಲದಲ್ಲಿ ಅದೇ ಜರ್ಮನಿಯ ಸೇಬರ್ ಜೆಟ್ಟುಗಳು ಇರಾನಿನ ಹೆಸರಿನಲ್ಲಿ ಹೊರಟು ಪಾಕಿಸ್ತಾನ ಸೇರಿದವು. ಆಯುಧದ ಸಂತೆಯಲ್ಲಿ ಎರಡು ಕಡೆಯವರಿಗೂ ತೂಗಿಕೊಡುವ ವರ್ತಕರು ಇದ್ದೇ ಇರುತ್ತಾರೆ.

ಬಿರುಕು ಬಿಟ್ಟ ಬಾಯ್ಲರು

೧೯೭೦ರಲ್ಲಿ ಇನ್ನೊಂದು ಆಪತ್ತು. ವಿಕ್ರಾಂತದ ಬಾಯ್ಲರಿನಲ್ಲಿ ಬಿರುಕು ಕಂಡಿತು. ನಾಲ್ಕು ಬಾಯ್ಲರುಗಳಲ್ಲಿ ಒಂದನ್ನು ಆರಿಸಿಟ್ಟು ಉಳಿದವುಗಳ ಬಲದಿಂದ ಹಡಗು ನಡೆಸಬೇಕಾಯಿತು. ಗಂಟೆಗೆ ಸುಮಾರು ೪೫ ಕಿಲೋಮೀಟರ್ ಓಡಬೇಕಾದದ್ದು ೩೦ಕ್ಕೆ ಇಳಿಯಿತು. ಹಿಂದೆ ಹೇಳಿದ ಲೆಕ್ಕವನ್ನು ಈಗ ನೆನೆಯಬೇಕು. ಹಡಗಿನ ವೇಗ ಮೂರರಲ್ಲಿ ಒಂದು ಪಾಲು ಹೋಯಿತು. ಡಿಸೆಂಬರಿನ ಬಂಗಾಳ ಕೊಲ್ಲಿಯಲ್ಲಿ ಗಾಳಿಯೂ ಮಂದ. ಇನ್ನು ಬಾಂಬು ಹೊತ್ತ ಸೀ ಹಾಕು ಮೇಲೇಳುವುದೆಂತು?

ಇಂಥ ಹಡಗನ್ನು ಯುದ್ಧಕ್ಕೆ ಕಳುಹಿಸುವುದೇ ಬೇಡ ಎಂದವರಿದ್ದರು. ಅವರ ಮಾತು ಹೇಡಿತನದ್ದಲ್ಲ. ಸಾವಿರಕ್ಕೂ ಮಿಕ್ಕಿ ಜನ ಆ ಹಡಗಿನಲ್ಲಿದ್ದರು. ಆದರೆ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ನಂದಾ ಅವರು ಎರಡನೆಯ ಸಲವೂ ವಿಕ್ರಾಂತ ಬಂದರಿನಲ್ಲಿ ಕೂಡಬಾರದೆಂದು ಹಟ ಹಿಡಿದರು. ಕಡಲಲ್ಲಿ ಪರೀಕ್ಷೆ ಮಾಡಿ ನೋಡಿದರು. ತಗ್ಗಿದ ವೇಗದಲ್ಲಿಯೂ ವಿಮಾನಗಳನ್ನು ಎಸೆಯಬಹುದು, ಇಳಿಸಿಕೊಳ್ಳಬಹುದು ಎಂದು ಖಚಿತವಾಯಿತು. ೧೯೭೧ರಲ್ಲಿ ವಿಕ್ರಾಂತವನ್ನು ಪೂರ್ವ ಕರಾವಳಿಗೆ ಕಳುಹಿಸಿದರು. ನವೆಂಬರಿನಲ್ಲಿ ಅದು ಅಂಡಮಾನಿನ ಮರೆಯಾದ ಒಂದು ರೇವಿನಲ್ಲಿ ಅಡಗಿ ಕುಳಿತಿತು.

ವಿಕ್ರಾಂತವನ್ನು ಬೇಟೆಯಾಡಲೆಂದೇ ಪಾಕಿಸ್ತಾನದ ‘ಘಾಜಿ’ ಎಂಬ ಜಲಾಂತರ್ಗಾಮಿ ನವೆಂಬರ್ ನಡುವಿನಲ್ಲಿ ಕರಾಚಿಯಿಂದ ಹೊರಟಿತು. ಪೂರ್ವ ನೌಕಾವಲಯದ ದಳಪತಿ ವೈಸ್ ಅಡ್ಮಿರಲ್ ಕೃಷ್ಣನ್ ಅವರು ‘ರಜಪೂತ್’ ಎಂಬ ಹಳೆಯ ಯುದ್ಧನೌಕೆಯನ್ನೇ ವಿಕ್ರಾಂತವೆಂದು ನಂಬಿಸುವ ಹೂಟ ಹೂಡಿ, ಘಾಜಿಯನ್ನು ವಿಶಾಖಪಟ್ಟಣದತ್ತ ಸೆಳೆದರು. ಡಿಸೆಂಬರ್ ೩ರ ನಡುರಾತ್ರಿ ಕಳೆಯುವ ಹೊತ್ತಿಗೆ ಘಾಜಿ ಅಲ್ಲಿಯೇ ತಳ ಸೇರಿತು.

ಡಿಸೆಂಬರ್ ೪

ಡಿಸೆಂಬರ್ ೪ ನಮ್ಮ ನೌಕಾದಿನ. ಮುಂಬಯಿಯ ಕ್ಷಿಪಣಿ ದೋಣಿಗಳು ಅಂದಿನ ರಾತ್ರಿ ಕರಾಚಿಯನ್ನು ಹೊಡೆದ ನೆನಪಿಗೆ ಅದನ್ನು ಆಚರಿಸುತ್ತೇವೆ. ಅದೇ ದಿನ ಬೆಳಗ್ಗೆ, ಉಪಖಂಡದ ಇನ್ನೊಂದು ಮಗ್ಗುಲಲ್ಲಿ, ಸೀ ಹಾಕುಗಳು ಕವಣೆ ಏರಿದ್ದವೆಂಬುದನ್ನು ಬಹಳ ಜನ ಮರೆತಿದ್ದಾರೆ.

ಕಪ್ತಾನ ಸ್ವರಾಜ್ ಪ್ರಕಾಶರು ವಿಕ್ರಾಂತವನ್ನು ಗಾಳಿಗೆದುರಾಗಿ ತಿರುಗಿಸಿದರು. ಲೆಫ್ಟಿನೆಂಟ್ ಕಮಾಂಡರ್ ಸಂತೋಷ ಕುಮಾರ ಗುಪ್ತಾ ಅವರ ನೇತೃತ್ವದ ಬಿಳಿಹುಲಿ ದಳದ ಎಂಟು ಸೀ ಹಾಕುಗಳು ಒಂದರ ಹಿಂದೊಂದು ಮೇಲೆದ್ದವು. ಅರುವತ್ತು ನಾವಿಕ ಮೈಲಿಗಳಾಚೆ ಕಾಕ್ಸ್ ಬಜಾರ್ ವಿಮಾನ ನಿಲ್ದಾಣ. ಅದನ್ನು ಹೊಡೆದು ಮರಳಿ ಬಂದವು. ಅಪರಾಹ್ನ ಚಿತ್ತಗಾಂಗ್ ಬಂದರಿನ ಮೇಲೆ ಎರಗಿದವು. ಮುಂದಿನ ದಿನಗಳಲ್ಲಿ ಖುಲ್ನಾ, ಮೊಂಗ್ಲಾ ಮೊದಲಾದ ರೇವುಗಳ ಸರದಿ ಬಂತು. ಹಗಲು ಸೀ ಹಾಕುಗಳು. ರಾತ್ರಿ ವಿಕ್ರಾಂತದ್ದೇ ಆದ ‘ಅಲಿಜೆ’ ವಿಮಾನಗಳು. ತೋಪುದೋಣಿಗಳು ಮುಳುಗಿದವು, ಸರಕು ಹಡಗುಗಳು ಹಾನಿಗೊಂಡವು. ಪೂರ್ವ ಪಾಕಿಸ್ತಾನದ ಸೈನ್ಯಕ್ಕೆ ಕಡಲ ಬಾಗಿಲು ಮುಚ್ಚಿತು. ಹೊರಗಿನಿಂದ ನೆರವು ಬರುವಂತಿಲ್ಲ, ಒಳಗಿನಿಂದ ತಪ್ಪಿಸಿಕೊಂಡು ಹೋಗುವಂತಿಲ್ಲ. ಡಿಸೆಂಬರ್ ೧೬ರಂದು ಢಾಕಾದಲ್ಲಿ ಆ ಸೈನ್ಯ ಶರಣಾಯಿತು.

ನೆಲದಿಂದ ಹಾರಿಸಿದ ಗುಂಡು ತಾಗಿದ ಸೀ ಹಾಕುಗಳು ಇದ್ದವು. ಆದರೆ ಒಂದೇ ಒಂದು ಸೀ ಹಾಕೂ ಆ ಯುದ್ಧದಲ್ಲಿ ಕಳೆದುಹೋಗಲಿಲ್ಲ. ಲೆಫ್ಟಿನೆಂಟ್ ಕಮಾಂಡರ್ ಗುಪ್ತಾ ಅವರಿಗೂ ಕಪ್ತಾನ ಸ್ವರಾಜ್ ಪ್ರಕಾಶರಿಗೂ ಮಹಾವೀರ ಚಕ್ರ ದೊರೆಯಿತು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಸೀ ಹಾಕು ಅಲ್ಲಿ ಆಕಾಶದಲ್ಲಿ ಶತ್ರುವಿಮಾನದೊಡನೆ ಸೆಣಸಬೇಕಾಗಿ ಬರಲಿಲ್ಲ. ಢಾಕಾದಲ್ಲಿದ್ದ ಸೇಬರ್ ವಿಮಾನಗಳನ್ನು ನಮ್ಮ ವಾಯುದಳ ಮೊದಲ ಕೆಲವು ದಿನಗಳಲ್ಲಿಯೇ ಓಡುಹಾದಿ ಕೆಡಿಸಿ ಕಟ್ಟಿಹಾಕಿತ್ತು. ಸೇಬರುಗಳು ಎದುರಾಗಿದ್ದರೆ ಕಷ್ಟವಿತ್ತು. ಹಾಗೆಂದು ಗೆಲವು ಸಣ್ಣದಾಗುವುದಿಲ್ಲ. ಯಾರಿಗೆ ಯಾವ ಕೆಲಸ ಒಪ್ಪುವುದೋ ಅದನ್ನು ಅವರಿಗೆ ಹಂಚಿಕೊಟ್ಟದ್ದೇ ಅಂದಿನ ಜಾಣತನ.

ಈ ಗೆಲವಿನಲ್ಲಿ ಹೆಸರು ಬಾರದವರ ಪಾಲು ದೊಡ್ಡದು. ಬಿರುಕು ಬಿಟ್ಟ ಬಾಯ್ಲರಿನ ಪಕ್ಕದಲ್ಲಿ, ಬೆಂಕಿಯಂಥ ಸೆಕೆಯಲ್ಲಿ, ಹಗಲಿರುಳು ಹಬೆ ಕಾಯ್ದವರು. ಹಳೆಯ ಎಂಜಿನುಗಳನ್ನು ಬಿಚ್ಚಿ ಒರಸಿ ಜೋಡಿಸಿ, ಮರುದಿನ ಬೆಳಗಾಗುವಷ್ಟರಲ್ಲಿ ಅಟ್ಟಕ್ಕೆ ತಂದು ನಿಲ್ಲಿಸಿದ ಫಿಟ್ಟರುಗಳು. ಉಕ್ಕಿನ ಹಗ್ಗಗಳನ್ನು ನೋಡಿಕೊಂಡವರು. ಗಿರಣಿಯಲ್ಲಿ, ಕಾರ್ಖಾನೆಯಲ್ಲಿ, ಹೋಟೆಲಿನ ಒಲೆಯ ಮುಂದೆ ಬೆವರಿಳಿಸಿ ಈ ನಗರದಲ್ಲಿ ಬಾಳು ಕಟ್ಟಿಕೊಂಡ ನಮ್ಮ ಹಿರಿಯರಿಗೆ ಇಂಥ ಕೆಲಸದ ಬೆಲೆ ಬೇರೆ ಹೇಳಬೇಕಾಗಿಲ್ಲ. ಯಂತ್ರ ಹಳೆಯದಾದ ಮಾತ್ರಕ್ಕೆ ಸೋಲುವುದಿಲ್ಲ. ಅದನ್ನು ಬಲ್ಲ ಕೈ ಬಿಟ್ಟುಹೋದಾಗ ಸೋಲುತ್ತದೆ.

ಮುಪ್ಪು ಮತ್ತು ಮುಂದಿನವರು

೧೯೭೮ರ ಮೇ ೯ರಂದು ವಿಕ್ರಾಂತದ ಕವಣೆಯಿಂದ ಸೀ ಹಾಕು ಕೊನೆಯ ಸಲ ಹಾರಿತು. ೧೯೮೩ರ ಡಿಸೆಂಬರಿನಲ್ಲಿ ನಿಂತಲ್ಲಿಯೇ ಮೇಲೇಳಬಲ್ಲ, ಇದ್ದಲ್ಲಿಯೇ ಇಳಿಯಬಲ್ಲ ‘ಸೀ ಹ್ಯಾರಿಯರ್’ ಬಂದಾಗ ಸೀ ಹಾಕು ತೆರವಾಯಿತು. ಬಿಳಿಹುಲಿ ದಳ ಸೀ ಹ್ಯಾರಿಯರನ್ನು ೨೦೧೬ರ ಮೇ ತಿಂಗಳ ವರೆಗೆ ಹಾರಿಸಿತು. ಆಮೇಲೆ ರಷ್ಯದ ಮಿಗ್-೨೯ಕೆ ವಿಮಾನ ಅದರ ಕೈಗೆ ಬಂತು.

ವಿಕ್ರಾಂತದ ಕಥೆ ಮುಂಬಯಿಯಲ್ಲಿಯೇ ಮುಗಿಯಿತು. ೧೯೯೭ರ ಜನವರಿ ೩೧ರಂದು ನಿವೃತ್ತಿ. ೨೦೦೧ರಿಂದ ೨೦೧೨ರ ವರೆಗೆ ಅದು ವಸ್ತುಸಂಗ್ರಹಾಲಯವಾಗಿ ತೇಲುತ್ತಿತ್ತು. ನಮ್ಮಲ್ಲಿ ಎಷ್ಟೋ ಮನೆಯವರು ಮಕ್ಕಳ ಕೈಹಿಡಿದು ಅದರ ಅಟ್ಟ ಏರಿರಬೇಕು. ಉಳಿಸಿಕೊಳ್ಳಲು ಹಣವಿಲ್ಲವೆಂದು ಹರಾಜು ಹಾಕಿದರು. ಉಳಿಸಬೇಕೆಂದು ಹೂಡಿದ ದಾವೆ ಸುಪ್ರೀಂ ಕೋರ್ಟಿನ ವರೆಗೆ ಹೋಗಿ ಸೋತಿತು. ೨೦೧೪ರ ನವೆಂಬರಿನಲ್ಲಿ ದಾರುಖಾನಾದಲ್ಲಿ ಅದನ್ನು ಒಡೆಯಲು ತೊಡಗಿದರು. ಅದರ ಉಕ್ಕಿನಿಂದ ಮಾಡಿದ ಒಂದು ಸ್ಮಾರಕ ೨೦೧೬ರಲ್ಲಿ ಲಯನ್ ಗೇಟಿನ ಬಳಿ ನಿಂತಿತು. ಒಂದಿಷ್ಟು ಉಕ್ಕು ಬಜಾಜ್ ಕಂಪೆನಿಯ ಮೋಟಾರ್ ಸೈಕಲ್ಲಿಗೂ ಹೋಯಿತು.

ಹಡಗು ಹೋದರೂ ವಿದ್ಯೆ ಹೋಗಲಿಲ್ಲ. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ‘ತೇಜಸ್’ ವಿಮಾನದ ನೌಕಾ ಮಾದರಿ ೨೦೧೨ರ ಏಪ್ರಿಲ್ ೨೭ರಂದು ಮೊದಲು ಹಾರಿತು. ೨೦೨೦ರ ಜನವರಿ ೧೧ರಂದು ಕಮೊಡೋರ್ ಜೈದೀಪ್ ಮಾವ್ಲಣಕರ್ ಅವರು ಅದನ್ನು, ಕಾರವಾರವನ್ನು ಮನೆಯಾಗಿ ಮಾಡಿಕೊಂಡಿರುವ ‘ವಿಕ್ರಮಾದಿತ್ಯ’ ನೌಕೆಯ ಮೇಲೆ ಕೊಕ್ಕೆ ಹಾಕಿ ಇಳಿಸಿದರು. ೨೦೨೩ರ ಫೆಬ್ರವರಿಯಲ್ಲಿ ಅದು ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತದ ಮೇಲೂ ಇಳಿಯಿತು. ಅದು ಭಾರವಾಯಿತೆಂದು ನೌಕಾದಳ ಸೇವೆಗೆ ತೆಗೆದುಕೊಳ್ಳಲಿಲ್ಲ. ೨೦೨೫ರಲ್ಲಿ ಫ್ರಾನ್ಸಿನ ೨೬ ರಫೇಲ್ ವಿಮಾನಗಳಿಗೆ ಒಪ್ಪಂದವಾಯಿತು. ಆದರೂ ಬೆಂಗಳೂರಿನ ಆ ವಿಮಾನ ಕಲಿಸಿದ ಪಾಠದ ಮೇಲೆ ಎರಡು ಎಂಜಿನಿನ ಹೊಸ ನೌಕಾ ವಿಮಾನದ ನಕ್ಷೆ ನಡೆದಿದೆ. ಕೊಂಡು ತಂದದ್ದನ್ನು ದುಡಿಸಿಕೊಳ್ಳುವುದರಿಂದ ಮೊದಲಾದ ದಾರಿ ತಾವೇ ಮಾಡುವಲ್ಲಿಗೆ ಬಂದಿದೆ.

ಸೀ ಹಾಕನ್ನು ಕಣ್ಣಾರೆ ನೋಡಬೇಕೆಂಬ ಆಸೆಯುಳ್ಳವರಿಗೆ ಒಂದು ಸೂಚನೆ. ರಜೆಯಲ್ಲಿ ಉಡುಪಿ, ಮಂಗಳೂರುಗಳ ಕಡೆ ಹೋಗುವ ನಮ್ಮ ಗಾಡಿ ಗೋವೆಯ ಮಡಗಾಂವಿನಲ್ಲಿ ನಿಲ್ಲುತ್ತದೆ. ಒಂದು ದಿನ ಅಲ್ಲಿ ಇಳಿದರೆ, ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಸಮೀಪದ ಬೊಗ್ಮಾಳೋ ಹಾದಿಯಲ್ಲಿ ನೌಕಾ ವಿಮಾನಗಳ ವಸ್ತುಸಂಗ್ರಹಾಲಯ ಇದೆ. ೧೯೯೮ರಲ್ಲಿ ತೆರೆದದ್ದು. ಅಲ್ಲಿ ಒಂದು ಸೀ ಹಾಕು ನಿಂತಿದೆ. ಇಂದಿನ ವಿಮಾನಗಳ ಮುಂದೆ ಅದು ಪುಟ್ಟದಾಗಿ ಕಾಣುತ್ತದೆ. ರೆಕ್ಕೆಯ ಬುಡದಲ್ಲಿ ಕವಲೊಡೆದ ಆ ಎರಡು ಬಾಯಿಗಳನ್ನು ಮಕ್ಕಳಿಗೆ ತೋರಿಸಿ, ಬಾಲದಲ್ಲಿ ಎಣ್ಣೆ ತುಂಬುತ್ತಿದ್ದುದೇಕೆಂದು ಕೇಳಿ ನೋಡಿರಿ.